ವಿಕಿಪೀಡಿಯದಲ್ಲಿ ನಮ್ಮೂರಿನ ಬಗ್ಗೆ ಬರೆದದ್ದನ್ನು ಮರುದಿನವೇ ತೆಗೆದಿದ್ದಾರೆ. ಮತ್ತೆ ಬರೆಯಲೋ, ಬಿಟ್ಟುಬಿಡಲೋ?

ಬರೆಯಿರಿ. ಆದರೆ ಅದಕ್ಕೂ ಮೊದಲು ಆ ಪುಟದ ಮೇಲಿರುವ 'ಇತಿಹಾಸ' ಒತ್ತಿ ನೋಡಿ. ನೀವು ಬರೆದ ನಾಲ್ಕು ಪ್ಯಾರಾ ಎಲ್ಲೂ ಹೋಗಿಲ್ಲ, ಹಳೆಯ ಆವೃತ್ತಿಯಲ್ಲಿ ಹಾಗೇ ಇರುತ್ತದೆ. ಯಾರು ತೆಗೆದರು, ಎಷ್ಟು ಗಂಟೆಗೆ ತೆಗೆದರು ಅನ್ನೋದೂ ಗೊತ್ತಾಗುತ್ತದೆ. ಯಾಕೆ ಅಂತ ಒಂದು ಸಾಲು ಬರೆದಿದ್ದರೆ ಅದೇ ನಿಮ್ಮ ಪ್ರಶ್ನೆಗೆ ಉತ್ತರ.

ನನಗೂ ಹೀಗೇ ಆಗಿತ್ತು. ನಾನು ಮಂಡ್ಯದವನು. ಮಳೆಗಾಲ ಬಂತು ಅಂದರೆ ನಮ್ಮಲ್ಲಿ ಟೀ ಅಂಗಡಿಯಿಂದ ಹಿಡಿದು ಮದುವೆ ಮನೆವರೆಗೆ ಒಂದೇ ಮಾತು, 'ಕಟ್ಟೆ ಎಷ್ಟ್ ಅಡಿ ಆಯ್ತು?' ಕನ್ನಂಬಾಡಿ, ಅಂದರೆ ಕೆಆರ್‌ಎಸ್ ಅಣೆಕಟ್ಟೆ, ತುಂಬಿತು ಅಂದರೆ 124.80 ಅಡಿ. ಚಿಕ್ಕ ಮಕ್ಕಳಿಗೂ ಗೊತ್ತು. ಒಂದು ರಾತ್ರಿ ವಿಕಿಪೀಡಿಯ ನೋಡುತ್ತಿದ್ದಾಗ ಅಣೆಕಟ್ಟೆಯ ಎತ್ತರ ಅಂತ ಬೇರೆ ಯಾವುದೋ ಅಂಕಿ ಕಂಡಿತು. ಯಾರೋ ಗೊತ್ತಿಲ್ಲದವರು ಬರೆದಿದ್ದಾರೆ ಅಂದುಕೊಂಡು 124.80 ಮಾಡಿ, ದೊಡ್ಡ ಕೆಲಸ ಮಾಡಿದವನ ಹಾಗೆ ಮಲಗಿದೆ. ಬೆಳಗ್ಗೆ ನೋಡಿದರೆ ಹಳೆಯ ಅಂಕಿ ವಾಪಸ್! ಪಕ್ಕದಲ್ಲಿ ಒಂದು ಸಾಲು: 'ಅದು ನೀರಿನ ಗರಿಷ್ಠ ಮಟ್ಟ, ಕಟ್ಟೆಯ ಎತ್ತರ ಅಲ್ಲ.' ಮೊದಲು ಸಿಟ್ಟು ಬಂತು, ಆಮೇಲೆ ನಗು. ಕಟ್ಟೆಯೂ ನೀರೂ ಒಂದೇ ಎತ್ತರ ಇದ್ದರೆ ಶ್ರೀರಂಗಪಟ್ಟಣದ ಗತಿ ಏನಾಗಬೇಕಿತ್ತು?

ನಿಮ್ಮ ಬರಹದ ವಿಷಯಕ್ಕೆ ಬರೋಣ. 'ಪ್ರಕೃತಿಯ ಮಡಿಲಲ್ಲಿರುವ ಸುಂದರ ಗ್ರಾಮ', 'ಮುಗ್ಧ ಜನ' ಅಂತೆಲ್ಲ ಬರೆದಿದ್ದೀರಿ. ಅದು ಯಾವ ಊರಿಗೆ ಹೊಂದುವುದಿಲ್ಲ ಹೇಳಿ? ಅದನ್ನು ಬಿಡಿ. ನಿಮ್ಮೂರ ಗದ್ದೆಗೆ ವಿಶ್ವೇಶ್ವರಯ್ಯ ನಾಲೆ ನೀರೋ, ಕೆರೆ ನೀರೋ? ಗುಡಿ ಮುಂದೆ ಕಲ್ಲಿನ ಶಾಸನ ಇದೆಯಾ? ಇದ್ದರೆ ನಮ್ಮ ಕಡೆಯ ಶಾಸನಗಳನ್ನು ಅಚ್ಚು ಹಾಕಿಸಿದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಹುಡುಕಿ, ಸಿಗುವ ಸಾಧ್ಯತೆ ಜಾಸ್ತಿ. ಜನಸಂಖ್ಯೆಗೆ 2011ರ ಜನಗಣತಿ ಇದೆ. ಅಜ್ಜ ಹೇಳಿದ ಕತೆ ನಿಜವೇ ಇರಬಹುದು. ಆದರೆ ಓದುವವನು ಅದನ್ನು ಹೋಗಿ ನೋಡಿಕೊಳ್ಳೋಕೆ ಆಗಲ್ಲ ಅಲ್ವಾ? ತಕರಾರು ಇರುವುದು ಅಷ್ಟಕ್ಕೇ.

ಪತ್ರಿಕೆಯ ಬರಹವನ್ನು ಮಾತ್ರ ಹಾಗೇ ನಕಲು ಮಾಡಬೇಡಿ. ಓದಿ, ನಿಮ್ಮ ಮಾತಲ್ಲಿ ಬರೆದು, ಉಲ್ಲೇಖ ಕೊಡಿ. ಮೈಸೂರು ವಿಶ್ವವಿದ್ಯಾಲಯದ 14 ಸಂಪುಟಗಳ ಕನ್ನಡ ವಿಶ್ವಕೋಶದ ಕತೆ ಬೇರೆ. ಅದನ್ನು ಅವರು ಎಲ್ಲರಿಗೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿದ್ದಾರೆ, ವಿಕಿಪೀಡಿಯದ ಸೋದರ ಪುಸ್ತಕ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ಸಿಗುತ್ತದೆ. ಮೂಲ ಹೇಳಿ ಬಳಸಬಹುದು.

ಬರೆಯೋಕೆ ಬೇಜಾರಾದರೆ ಒಂದು ಫೋಟೋ ಹಾಕಿ. ನಾನು ನಮ್ಮ ಪಕ್ಕದೂರಿನ ಆಲೆಮನೆಗೆ ಹೋಗಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿದ್ದಾಗ ಮೊಬೈಲಲ್ಲಿ ಹೊಡೆದು, ವಿಕಿಪೀಡಿಯದ ಚಿತ್ರಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದೆ. ಅರ್ಧ ಚಿತ್ರ ಬರೀ ಹಬೆ. ಇನ್ನೂ ಯಾರೂ ತೆಗೆದಿಲ್ಲ!

ತೆಗೆದವರ ಜೊತೆ ಜಗಳಕ್ಕೆ ಇಳಿದು ಸುಮ್ನೆ ಅದನ್ನೇ ಮತ್ತೆ ಮತ್ತೆ ಹಾಕಬೇಡಿ. ಚರ್ಚೆ ಪುಟದಲ್ಲಿ ಕೇಳಿ. ಅಲ್ಲಿ ಯಾರೂ ಮಾತಾಡದಿದ್ದರೆ ಅರಳಿಕಟ್ಟೆಗೆ ಹೋಗಿ. ಕನ್ನಡ ವಿಕಿಪೀಡಿಯದವರು ಎಲ್ಲರೂ ಕೂತು ಮಾತಾಡುವ ಪುಟಕ್ಕೆ ಇಟ್ಟ ಹೆಸರು ಅದು, ನನಗಂತೂ ತುಂಬಾ ಇಷ್ಟ. ಹೊಸದಾಗಿ ಬರೆಯುವುದನ್ನು ಮೊದಲು ನಿಮ್ಮ ಪ್ರಯೋಗಪುಟದಲ್ಲಿ ಬರೆದಿಟ್ಟುಕೊಳ್ಳಿ.

ಊರು ಯಾವ ತಾಲ್ಲೂಕಿಗೆ ಸೇರುತ್ತದೆ ಅಂತ ತಿಳಿಸಿ. ಭಾನುವಾರ ಲೈಬ್ರರಿಗೆ ಹೋಗುವುದಿದೆ, ಶಾಸನ ಸಂಪುಟ ತೆಗೆದು ನೋಡುತ್ತೇನೆ.