ಎಲ್‌ಎಲ್‌ಆರ್ ಮಾಡಿಸಿ, ಹಿಂದೆ ಅಪ್ಪ ಕೂರಲಿ

“ಮಗನಿಗೆ ಹದಿನೇಳು. ಎರಡನೇ ಪಿಯು. ನಾಲ್ಕಕ್ಕೆ ಕಾಲೇಜು ಬಿಡುತ್ತೆ, ನಾಲ್ಕೂವರೆಗೆ ಊರಿನ ಆ ತುದಿಯಲ್ಲಿ ಟ್ಯೂಷನ್. ಅದಕ್ಕೇ ಅಪ್ಪನ ಸ್ಕೂಟರ್ ಒಯ್ಯುತ್ತಾನೆ. ಮೊನ್ನೆ ಪಿ.ಬಿ. ರಸ್ತೆಯಲ್ಲಿ ಮೂವರು ಕೂತು ಲಾರಿ ಓವರ್‌ಟೇಕ್ ಮಾಡಿದ್ದನ್ನು ನನ್ನ ತಮ್ಮನೇ ನೋಡಿದ. ಬೈದರೆ ಎರಡು ದಿನ ಸುಮ್ಮನಿರುತ್ತಾನೆ. ಇವರು ‘ಹುಡುಗರು ಅಂದ್ರೆ ಹಾಗೇ’ ಅಂತಾರೆ. ಇವರೂ ಹೆಲ್ಮೆಟ್ ಕೈಗೆ ನೇತುಹಾಕಿಕೊಂಡು ಹೋಗಿ, ಪೊಲೀಸ್ ಕಂಡರೆ ಹಾಕಿಕೊಳ್ಳುವವರೇ. ಹದಿನೆಂಟು ತುಂಬಿದ ದಿನವೇ ಬೈಕ್ ಕೊಡಿಸ್ತೀನಿ ಅಂತ ಮಾತು ಬೇರೆ ಕೊಟ್ಟಿದ್ದಾರೆ. ನಾನೇನು ಮಾಡಲಿ?”
– ಹೆಸರು ಬೇಡ ಎಂದ ಓದುಗರು, ದಾವಣಗೆರೆ

ಕಹಿ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಹದಿನೆಂಟು ತುಂಬುವವರೆಗೆ ಅವನ ಕೈಗೆ ಸ್ಕೂಟರ್ ಕೀ ಬೇಡ. ಹದಿನಾರಕ್ಕೇ ಲೈಸೆನ್ಸ್ ಸಿಗುತ್ತೆ ಅಲ್ವಾ ಎಂದು ಯಾರಾದರೂ ಹೇಳಿಯಾರು. ಸಿಗುತ್ತದೆ, ಆದರೆ 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ಈಗ ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರ್‌ಗಳು ಹೆಚ್ಚುಕಡಿಮೆ ಎಲ್ಲ 100 ಸಿಸಿ ದಾಟಿದವು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಕಲಂ ಸೇರಿತು. ಹುಡುಗ ತಪ್ಪು ಮಾಡಿ ಸಿಕ್ಕಿಬಿದ್ದರೆ ಕೇಸು ಅಪ್ಪನ ಮೇಲೆ, ಇಲ್ಲವೇ ಗಾಡಿ ಯಾರದೋ ಅವರ ಮೇಲೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಇಲ್ಲ. ನಿಮ್ಮ ಯಜಮಾನರಿಗೆ ಈ ಕೊನೆಯ ವಾಕ್ಯವನ್ನು ಎರಡು ಸಲ ಓದಿಸಿ.

ಇನ್ನು ಟ್ಯೂಷನ್. ನೀವು ಸುಮ್ನೆ ಬರೆದ ಆ ಅರ್ಧ ಗಂಟೆಯ ಲೆಕ್ಕದಲ್ಲೇ ಅರ್ಧ ಕಾಯಿಲೆ ಇದೆ ಎಂದು ನನಗನಿಸಿತು. ಕಾಲೇಜು ಬಿಡಬೇಕು, ಗಾಡಿ ತೆಗೆಯಬೇಕು, ಊರು ದಾಟಬೇಕು. ಈ ಅವಸರ ಹುಡುಗ ಹುಟ್ಟಿಸಿದ್ದಲ್ಲ, ನಾವು ದೊಡ್ಡವರು ಬರೆದ ಟೈಮ್‌ಟೇಬಲ್. ಐದು ಗಂಟೆಯ ಬ್ಯಾಚ್ ಇದ್ದರೆ ಬದಲಿಸಿ. ಅಲ್ಲಿಯವರೆಗೆ ಬಸ್ಸೋ ಆಟೋವೋ ಆಗಲಿ, ತಡವಾದರೆ ಆಗಲಿ.

ಮೂವರು ಕೂತಿದ್ದರು ಎಂದಿರಿ. ಒಬ್ಬನೇ ಇದ್ದಿದ್ದರೆ ಆ ಲಾರಿಯ ಹಿಂದೆಯೇ ನಿಧಾನಕ್ಕೆ ಹೋಗುತ್ತಿದ್ದನೇನೋ. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಅವರ ಜೊತೆಗಾರರು 2005ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಪಕ್ಕದಲ್ಲಿ ಗೆಳೆಯರಿದ್ದಾಗ ಹದಿಹರೆಯದವರು ಒಬ್ಬರೇ ಆಡಿದಾಗಿನದಕ್ಕಿಂತ ಬಹಳ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮ್ಮ ಮಗನಿಗೆ ಬುದ್ಧಿ ಇಲ್ಲ ಎಂದುಕೊಳ್ಳಬೇಡಿ. ಹಿಂದೆ ಗೆಳೆಯ ಕೂತಾಗ ಆ ಬುದ್ಧಿ ಇಳಿದು ಹೋಗುತ್ತದೆ, ಅಷ್ಟೇ. ಬೈಗುಳ ಎರಡೇ ದಿನ ಬಾಳುವುದೂ ಇದಕ್ಕೇ. ಮೂರನೇ ದಿನ ಹಿಂದಿನ ಸೀಟಿಗೆ ಗೆಳೆಯ ಬಂದಿರುತ್ತಾನೆ, ನೀವು ಮನೆಯಲ್ಲಿರುತ್ತೀರಿ.

ಹದಿನೆಂಟಾದ ಮೇಲೆ ನಿಜವಾದ ಕೆಲಸ ಶುರು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದರೆ ಟೆಸ್ಟಿಗೆ ಹೋಗಬಹುದು. ನಮ್ಮಲ್ಲಿ ಎಲ್ಲರೂ ಆ ಮೂವತ್ತೊಂದನೇ ದಿನಕ್ಕೇ ಕಾಯುತ್ತಾರೆ! ನೀವು ಆರೂ ತಿಂಗಳು ಬಳಸಿ. ಎಲ್ ಬೋರ್ಡ್ ಇರುವಾಗ ಬೈಕಿನ ಹಿಂದೆ ಗೆಳೆಯನನ್ನು ಕೂರಿಸುವಂತಿಲ್ಲ, ಲೈಸೆನ್ಸ್ ಇದ್ದು ಕಲಿಸುವವರು ಮಾತ್ರ ಕೂರಬಹುದು. ಆ ಸೀಟು ಅಪ್ಪನದಾಗಲಿ. ಆರ್‌ಟಿಒ ಮೈದಾನದಲ್ಲಿ ಎಂಟು ಹಾಕುವುದನ್ನು ಒಂದು ವಾರದಲ್ಲಿ ಕಲಿತಾನು. ಮಳೆ ಬಂದ ರಸ್ತೆ, ಸಂಜೆಯ ಸಂತೆ, ಎದುರಿನವರ ಹೈಬೀಮ್, ಬಾಗಿಲು ತೆಗೆಯಲಿರುವ ಕಾರು, ಇವಕ್ಕೆ ತಿಂಗಳುಗಳೇ ಬೇಕು. ಅಪ್ಪ ಹಿಂದೆ ಕೂತು ಕೂಗುವುದು ಬೇಡ. ‘ಆ ಆಟೋ ಏನು ಮಾಡುತ್ತೆ ಅಂತ ಅನಿಸುತ್ತೆ?’ ಎಂದು ಕೇಳುತ್ತಾ ಹೋಗಲಿ. ಲೆಕ್ಕ ಇಷ್ಟಪಡುವ ಹುಡುಗನಾದರೆ ಇದನ್ನೂ ಕೇಳಲಿ: ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಫೋನ್ ನೋಡಿದರೆ ಗಾಡಿ ಎಷ್ಟು ದೂರ ಹೋಗಿರುತ್ತೆ? 50 ಮೀಟರ್.

ಲೈಸೆನ್ಸ್ ಬಂದ ಮೇಲೂ ಒಂದು ವರ್ಷ ಮನೆಯದೇ ಕಾನೂನು ಇರಲಿ. ನ್ಯೂಜಿಲೆಂಡಿನಲ್ಲಿ 1987ರಿಂದಲೂ ಲೈಸೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತಾರೆ. ನಡುವಿನ ಮೆಟ್ಟಿಲಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಬ್ಬರೇ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ನಮ್ಮ ಕಾಯ್ದೆಯಲ್ಲಿ ಅಂಥದ್ದಿಲ್ಲ. ಮನೆಯಲ್ಲಿ ಮಾಡಿಕೊಳ್ಳಲು ಯಾರೂ ಬೇಡ ಅನ್ನುವುದಿಲ್ಲವಲ್ಲ! ಷರತ್ತುಗಳನ್ನು ಅವನ ಕೈಯಲ್ಲೇ ಬರೆಸಿ. ಮೀರಿದರೆ ಕೀ ಎಷ್ಟು ದಿನ ವಾಪಸ್ ಎನ್ನುವುದನ್ನೂ ಅವನೇ ಬರೆಯಲಿ. ಇನ್ನೊಂದು ಮಾತನ್ನೂ ಸೇರಿಸಿ: ರಾತ್ರಿ ಎಷ್ಟೇ ಹೊತ್ತಾಗಲಿ, ಫೋನ್ ಮಾಡಿದರೆ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ, ಆ ರಾತ್ರಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಅಪ್ಪನ ಕೈಯಲ್ಲಿ ನೇತಾಡುವ ಹೆಲ್ಮೆಟ್ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ಮಗ ಅದನ್ನು ವರ್ಷಗಟ್ಟಲೆ ನೋಡಿದ್ದಾನೆ. ಅವನು ಕಲಿತಿರುವುದು ಪೊಲೀಸರನ್ನು ಗುರುತಿಸುವುದನ್ನು.

ಬೈಕಿನ ಮಾತು ಮುರಿಯಿರಿ ಎಂದು ಹೇಳಲಾರೆ. ಕೊಟ್ಟ ಮಾತು ಮುರಿದರೆ ಅವನು ಗೆಳೆಯರ ಗಾಡಿ ಓಡಿಸುತ್ತಾನೆ, ಅದು ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಆದರೆ ‘ಹದಿನೆಂಟು ತುಂಬಿದ ದಿನ’ ಎನ್ನುವುದನ್ನು ‘ಡಿಎಲ್ ಕೈಗೆ ಬಂದ ಮೇಲೆ’ ಎಂದು ತಿದ್ದಿಸಿ. ಮಾಡೆಲ್ ನೀವೇ ಆರಿಸಿ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರಲಿ, ಸಿಸಿ ಕಡಿಮೆ ಇರಲಿ. ಷೋರೂಮಿಗೆ ಹೋಗುವ ಮುಂಚೆ ಐಎಸ್‌ಐ ಗುರುತಿನ, ಅವನ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಕೊಳ್ಳಿ. ಹಾಗೇ ಯಜಮಾನರಿಗೂ ಒಂದು.
– ಸಂಪಾದಕ