ಬೆಂಗಳೂರಿನಲ್ಲಿದ್ದುಕೊಂಡು ತೀರ್ಥಹಳ್ಳಿಯ ಅಜ್ಜಿ ಮನೆಯನ್ನು ಹೋಮ್‌ಸ್ಟೇ ಮಾಡಲು ಯಾವ ಯಾವ ಪರವಾನಗಿ ಬೇಕು?

ನಿಮ್ಮ ಪ್ರಶ್ನೆಯಲ್ಲಿರುವ ತೀರ್ಥಹಳ್ಳಿಯ ಜಾಗದಲ್ಲಿ ಹಾಸನ ಜಿಲ್ಲೆಯ ಮಲೆನಾಡಿನ ಒಂದು ಪುಟ್ಟ ಪಟ್ಟಣವನ್ನೂ ಅಜ್ಜಿಯ ಮನೆಯ ಜಾಗದಲ್ಲಿ ನನ್ನ ತಾಯಿಯ ಮನೆಯನ್ನೂ ಇಟ್ಟರೆ, ಅದು 2016ರಲ್ಲಿ ನಾನು ಊರಿನವರನ್ನೆಲ್ಲ ಕೇಳಿಕೊಂಡು ತಿರುಗಿದ ಪ್ರಶ್ನೆಯೇ ಆಗುತ್ತದೆ. ಬಳಕೆಯಿಲ್ಲದ ನಾಲ್ಕು ಕೋಣೆ, ಬೆಂಗಳೂರಿನ ಉದ್ಯೋಗ, ವಾರಾಂತ್ಯಕ್ಕೆ ಬರುವ ಪ್ರವಾಸಿಗರ ಆಸೆ, ಎಲ್ಲವೂ ಅದೇ. ಪಕ್ಕದ ಮನೆಯ ದೊಡ್ಡಮ್ಮ ಕೀಲಿ ಇಟ್ಟುಕೊಳ್ಳಲು ಒಪ್ಪಿದ್ದಾರೆ ಎಂದು ನೀವು ಬರೆದಿರುವ ಸಾಲನ್ನು ಓದಿದಾಗ ಮಾತ್ರ ಉತ್ತರಿಸದೆ ಇರಲಾಗಲಿಲ್ಲ, ಏಕೆಂದರೆ ನಾನು ಮುಗ್ಗರಿಸಿದ್ದು ಸರಿಯಾಗಿ ಆ ಸಾಲಿನಲ್ಲಿಯೇ.

ನಮ್ಮ ಕಾಗದಪತ್ರಗಳು ಬಹಳ ಅಚ್ಚುಕಟ್ಟಾಗಿದ್ದವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಖಾತೆಯ ನಕಲು, ಕಂದಾಯ ಕಟ್ಟಿದ ರಸೀದಿ, ಕೋಣೆಗಳ ಮತ್ತು ಬಚ್ಚಲುಮನೆಗಳ ಫೋಟೊ, ಪೊಲೀಸರ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಸ್ಥಳೀಯ ಸಂಸ್ಥೆಯ ಎನ್‌ಒಸಿ, ಇಷ್ಟನ್ನೂ ಜೋಡಿಸಿ ಪ್ರವಾಸೋದ್ಯಮ ಇಲಾಖೆಗೆ ಅರ್ಜಿ ಕೊಟ್ಟೆವು. ಇಲಾಖೆಯವರು ಬಂದು ಮನೆ ನೋಡಿಕೊಂಡು ಹೋದರು. ನೋಂದಣಿ ಪತ್ರ ಬಂತು. ಒಟ್ಟು ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಐದು ತಿಂಗಳು ಹೋದದ್ದು ತೀರಿಹೋದ ತಂದೆಯವರ ಹೆಸರಿನಲ್ಲಿದ್ದ ಖಾತೆಯನ್ನು ತಾಯಿಯ ಹೆಸರಿಗೆ ಮಾಡಿಸುವುದಕ್ಕೆ, ಅಂದರೆ ವಂಶವೃಕ್ಷ ತೆಗೆಸಿ, ದಾವಣಗೆರೆಯಲ್ಲಿರುವ ಅಕ್ಕನ ಮತ್ತು ಪುಣೆಯಲ್ಲಿರುವ ಅಣ್ಣನ ಒಪ್ಪಿಗೆ ಪತ್ರಗಳನ್ನು ತರಿಸುವುದಕ್ಕೆ. ನಿಮ್ಮ ಮನೆಯ ಖಾತೆ ಇನ್ನೂ ಅಜ್ಜಿಯ ಹೆಸರಿನಲ್ಲಿಯೇ ಇದೆ ಎಂದು ಬರೆದಿದ್ದೀರಿ. ಅದು ಬದಲಾಗದೆ ಉಳಿದ ಅರ್ಜಿಗಳ ಬಗ್ಗೆ ಯೋಚಿಸುವುದೇ ವ್ಯರ್ಥ. ಚಿಕ್ಕಪ್ಪ, ಅತ್ತೆಯಂದಿರೆಲ್ಲ ಸಹಿ ಹಾಕುತ್ತಾರೆಯೇ ಎಂಬುದನ್ನು ಈ ಹಬ್ಬಕ್ಕೆ ಊರಿಗೆ ಹೋದಾಗಲೇ ಕೇಳಿಬಿಡಿ.

ಖಾತೆ ತಾಯಿಯದಾದ್ದರಿಂದ ನೋಂದಣಿಯೂ ಅವರ ಹೆಸರಿನಲ್ಲಾಯಿತು, ಮತ್ತು ಅವರು ಆ ಮನೆಯಲ್ಲಿಯೇ ಇದ್ದರು. ಉದ್ದನೆಯ ರಟ್ಟಿನ ಲೆಕ್ಕದ ಪುಸ್ತಕವೊಂದಕ್ಕೆ ಸ್ಕೇಲಿನಿಂದ ಗೆರೆ ಎಳೆದು ಬಂದವರ ಹೆಸರು, ಊರು, ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ, ಗುರುತಿನ ಚೀಟಿಯ ಸಂಖ್ಯೆ, ಫೋನ್ ನಂಬರ್ ಎಲ್ಲವನ್ನೂ ಅವರೇ ಬರೆಯುತ್ತಿದ್ದರು. ಕೊನೆಯ ಕಾಲಂ ಯಾವ ಇಲಾಖೆಯೂ ಕೇಳದ್ದು, ಅದರಲ್ಲಿ "ಕಾಫಿಗೆ ಸಕ್ಕರೆ ಬೇಡ", "ಮಗುವಿಗೆ ಗಂಜಿ" ಎಂದೆಲ್ಲ ಇರುತ್ತಿತ್ತು. ಗಂಡ, ಹೆಂಡತಿ, ಜೊತೆಗೆ ಬಂದ ಸ್ನೇಹಿತ, ಯಾರನ್ನೂ ಬಿಡದೆ "ಯಾವ ಊರಾಯಿತು ನಿಮಗೆ?" ಎಂದು ಕೇಳುವುದು ಅವರ ಅಭ್ಯಾಸ. ವಿದೇಶದವರು ಯಾರಾದರೂ ಬಂದರೆ ಅದೇ ಸಂಜೆ ನನಗೆ ಫೋನ್ ಬರುತ್ತಿತ್ತು: "ಪಾಸ್‌ಪೋರ್ಟಿನ ಫೋಟೊ ಕಳಿಸಿದ್ದೀನಿ ನೋಡೋ, ಅದೇನೋ ಕಂಪ್ಯೂಟರಿನಲ್ಲಿ ತುಂಬಬೇಕಲ್ಲ, ಮರೆಯಬೇಡ." ನಾನು ಬೆಂಗಳೂರಿನಿಂದಲೇ ಸಿ ಫಾರಂ ತುಂಬಿ ಕಳಿಸುತ್ತಿದ್ದೆ. ವಿದೇಶಿ ಅತಿಥಿ ಬಂದ 24 ಗಂಟೆಗಳೊಳಗೆ ಆ ಮಾಹಿತಿಯನ್ನು ಆನ್‌ಲೈನಿನಲ್ಲಿ ಸಲ್ಲಿಸುವುದು ಉಳಿಸಿಕೊಂಡವರ ಹೊಣೆ. ಐದು ನಕ್ಷತ್ರದ ಹೋಟೆಲಿಗೂ ನಾಲ್ಕು ಕೋಣೆಯ ಮನೆಗೂ ಇದರಲ್ಲಿ ವ್ಯತ್ಯಾಸವಿಲ್ಲ.

2019ರ ಮೇ ತಿಂಗಳಿನಲ್ಲಿ ತಾಯಿಯ ಮೊಣಕಾಲು ಕೈಕೊಟ್ಟಿತು, ಅವರು ದಾವಣಗೆರೆಯ ಅಕ್ಕನ ಮನೆಗೆ ಹೋದರು. ತಿಂಗಳೊಪ್ಪತ್ತಿನಲ್ಲಿ ಬರುತ್ತಾರೆ ಎಂದುಕೊಂಡೆವು, ಬರಲಾಗಲಿಲ್ಲ. ಮನೆ ನೋಡಿಕೊಳ್ಳಲು ಒಬ್ಬ ಹುಡುಗನನ್ನು ಇಟ್ಟೆ. ಪ್ರಾಮಾಣಿಕ ಹುಡುಗ, ಒಂದು ರೂಪಾಯಿ ಆಚೀಚೆ ಮಾಡಿದವನಲ್ಲ. ಆಗಸ್ಟ್‌ನಲ್ಲಿ ನೋಂದಣಿಯ ನವೀಕರಣ ಬಂತು. ಅರ್ಜಿಯಲ್ಲಿ ಮಾಲೀಕರು ಕುಟುಂಬದೊಂದಿಗೆ ಅದೇ ಮನೆಯಲ್ಲಿ ವಾಸವಿದ್ದಾರೆಯೇ ಎಂಬ ಅರ್ಥದ ಒಂದು ಕಾಲಂ ಇತ್ತು. ನಾನು "ಹೌದು" ಎಂದು ಬರೆದು, ದಾವಣಗೆರೆಗೆ ಹೋಗಿ, ತಾಯಿಯ ಸಹಿ ಹಾಕಿಸಿಕೊಂಡು ಬಂದೆ.

ಆ "ಹೌದು" ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ ಎಂಬುದೇ ಇಂದಿಗೂ ನನ್ನನ್ನು ಕಾಡುತ್ತದೆ. ಅವರ ಪಡಿತರ ಚೀಟಿ ಆ ವಿಳಾಸದ್ದು, ಮತದಾರರ ಪಟ್ಟಿಯಲ್ಲಿ ಹೆಸರು ಅಲ್ಲಿಯದು, ಗ್ಯಾಸ್ ಸಂಪರ್ಕ ಅವರದು, ಅವರ ಸೀರೆಗಳು ಆ ಮನೆಯ ಬೀರುವಿನಲ್ಲಿಯೇ ಇವೆ. ಇನ್ನು ವಾಸ ಎಂದರೆ ಬೇರೆ ಏನು ಎಂದುಕೊಂಡೆ. ಮನೆ ಯಾರದು ಎಂಬ ಪ್ರಶ್ನೆಗೆ ಕೊಡಬೇಕಾದ ಉತ್ತರವನ್ನು ರಾತ್ರಿ ಆ ಮನೆಯಲ್ಲಿ ಯಾರು ಮಲಗುತ್ತಾರೆ ಎಂಬ ಪ್ರಶ್ನೆಗೆ ಕೊಟ್ಟಿದ್ದೆ. ಹೋಮ್‌ಸ್ಟೇ ಎಂಬ ವ್ಯವಸ್ಥೆಯಲ್ಲಿ ಇರುವುದೇ ಆ ಎರಡನೆಯ ಪ್ರಶ್ನೆ. ಕೇಂದ್ರ ಸರ್ಕಾರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯನ್ನೇ ತೆಗೆದುಕೊಳ್ಳಿ: ಬಾಡಿಗೆಗೆ ಕೊಡುವುದು ಹೆಚ್ಚೆಂದರೆ 6 ಕೋಣೆ, 12 ಹಾಸಿಗೆ, ಮತ್ತು ಮಾಲೀಕರು ಕುಟುಂಬದೊಂದಿಗೆ ಅಲ್ಲಿಯೇ ಇರಬೇಕು. ಲಾಡ್ಜ್‌ನ ಮೇಲೆ ಹೊರಿಸುವ ಕಟ್ಟುಪಾಡುಗಳನ್ನು ಮನೆಯ ಮೇಲೆ ಹೊರಿಸದೆ ಬಿಡುವುದು, ಮನೆಯೊಡತಿಯೊಬ್ಬಳು ಬಾಗಿಲಲ್ಲಿ ನಿಂತು ಬಂದವರ ಮುಖ ನೋಡುತ್ತಾಳೆ ಎಂಬ ಒಂದೇ ನಂಬಿಕೆಯ ಮೇಲೆ. ಆ ನಂಬಿಕೆಯನ್ನು ತೆಗೆದರೆ ಉಳಿಯುವುದು ಫಲಕ ಮಾತ್ರ.

ನವೆಂಬರ್‌ನಲ್ಲಿ ಒಬ್ಬರು ಮೂರು ರಾತ್ರಿಗೆ ಕೋಣೆ ಕಾದಿರಿಸಿದರು. ಹುಬ್ಬಳ್ಳಿ ಕಡೆಯ ಹೆಸರು, ಅಚ್ಚ ಕನ್ನಡದಲ್ಲಿ ಮಾತು. ಹುಡುಗ ಅವರ ಆಧಾರ್ ನಕಲು ಪಡೆದು ಪುಸ್ತಕದಲ್ಲಿ ಬರೆದುಕೊಂಡ; ಜೊತೆಗಿದ್ದ ಪತ್ನಿಯ ಗುರುತಿನ ಚೀಟಿ ಕೇಳುವುದು ಮರ್ಯಾದೆಯಲ್ಲ ಎಂದು ಬಿಟ್ಟ. ಆಕೆ ಜರ್ಮನಿಯ ಪ್ರಜೆ. ಎರಡನೆಯ ರಾತ್ರಿ ಗಸ್ತಿನ ಪೊಲೀಸರು ಎಂದಿನಂತೆ ಪುಸ್ತಕ ನೋಡಲು ಬಂದಾಗ ಅಂಗಳದಲ್ಲಿ ಆಕೆ ಕುಳಿತಿದ್ದರು. ಸಿ ಫಾರಂ ಎಲ್ಲಿ ಎಂದು ಕೇಳಿದ್ದಕ್ಕೆ ಹುಡುಗ "ಯಾವ ಫಾರಂ ಸಾರ್?" ಎಂದ. ಮಾಲೀಕರು ಎಲ್ಲಿ ಎಂದದ್ದಕ್ಕೆ, ಸುಳ್ಳು ಹೇಳಿ ಗೊತ್ತಿಲ್ಲದ ಅವನು, "ಅಮ್ಮ ದಾವಣಗೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ಆರು ತಿಂಗಳಾಯಿತು" ಎಂದ. ನನಗೆ ಫೋನ್ ಬಂದಾಗ ರಾತ್ರಿ ಹತ್ತು ಮುಕ್ಕಾಲು.

ಸಿ ಫಾರಂನ ವಿಷಯ ನಾನು ಹೆದರಿದಷ್ಟು ಬೆಳೆಯಲಿಲ್ಲ. ಮರುದಿನವೇ ಹೋಗಿ ತಡವಾದ ಮಾಹಿತಿಯನ್ನು ಸಲ್ಲಿಸಿ, ಹೇಳಿಕೆ ಕೊಟ್ಟು, ಎಚ್ಚರಿಕೆಯೊಂದಿಗೆ ಹೊರಬಂದೆ. ಆಗ ಜಾರಿಯಲ್ಲಿದ್ದ 1946ರ ವಿದೇಶಿಯರ ಕಾಯ್ದೆಯ 14ನೆಯ ಸೆಕ್ಷನ್ ಐದು ವರ್ಷದವರೆಗಿನ ಸೆರೆವಾಸದ ಮಾತನಾಡುತ್ತದೆ ಎಂದು ವಕೀಲರು ಓದಿ ಹೇಳಿದಾಗ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟಿದ್ದು ನೆನಪಿದೆ. ಬೆಳೆದದ್ದು ಇನ್ನೊಂದು ಮಾತು. ಮಾಲೀಕರು ಅಲ್ಲಿಲ್ಲ ಎಂಬ ವರದಿ ಹೋಗಿ, ಸುಳ್ಳು ಘೋಷಣೆಯ ಬಗ್ಗೆ ವಿವರಣೆ ಕೇಳುವ ನೋಟಿಸ್ 74 ವರ್ಷದ ನನ್ನ ತಾಯಿಯ ಹೆಸರಿಗೆ ಬಂತು, ಏಕೆಂದರೆ ಸಹಿ ಅವರದ್ದು. ಕೋಲೂರಿಕೊಂಡು ಕಚೇರಿಯ ಮೆಟ್ಟಿಲು ಹತ್ತುವಾಗ ಅವರು ನನ್ನನ್ನು ಕೇಳಿದ್ದು ಒಂದೇ: "ಅವತ್ತು ಸಹಿ ಹಾಕಿಸಿಕೊಂಡೆಯಲ್ಲ, ಅದರಲ್ಲಿ ಏನಂತ ಬರೆದಿದ್ದೆ?" ನೋಂದಣಿ ರದ್ದಾಯಿತು. ಡಿಸೆಂಬರ್ ಮತ್ತು ಸಂಕ್ರಾಂತಿಗೆ ಬಂದಿದ್ದ ಮುಂಗಡ 1,86,000 ರೂಪಾಯಿಯನ್ನು ಹಿಂದಿರುಗಿಸಿದೆ.

ಇಷ್ಟು ಓದಿದ ಮೇಲೆ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ ಎಂಬುದು ನಿಮಗೆ ತಿಳಿದಿರಬಹುದು. ಯಾವ ಪರವಾನಗಿ ಬೇಕು ಎಂದು ಕೇಳುವ ಮೊದಲು ಆ ಮನೆಯಲ್ಲಿ ಯಾರು ಇರುತ್ತಾರೆ ಎಂದು ಕೇಳಿಕೊಳ್ಳಿ. ನೀವು ಇರುವುದಿಲ್ಲವಾದರೆ ಅದು ಹೋಮ್‌ಸ್ಟೇ ಅಲ್ಲ. ಕೀಲಿ ಪಕ್ಕದ ಮನೆಯಲ್ಲಿ ಇರುವುದು, ಎಷ್ಟೇ ಹತ್ತಿರದ ದೊಡ್ಡಮ್ಮನಾದರೂ, ವಾಸವಾಗುವುದಿಲ್ಲ. ಆಗ ನೀವು ನಡೆಸಲು ಹೊರಟಿರುವುದು ಒಂದು ಸಣ್ಣ ಲಾಡ್ಜ್; ಅದಕ್ಕೆ ಪಟ್ಟಣ ಪಂಚಾಯಿತಿಯ ವ್ಯಾಪಾರ ಪರವಾನಗಿ, ವಾಣಿಜ್ಯ ಬಳಕೆಯ ತೆರಿಗೆ, ಅದರ ಹಿಂದೆಯೇ ಬರುವ ಉಳಿದ ಖರ್ಚುಗಳು. ಕವಿಶೈಲ, ಕವಲೇದುರ್ಗ, ಆಗುಂಬೆ ನೋಡಲು ಬರುವವರು ಶನಿವಾರ ಬಂದು ಭಾನುವಾರ ಹೋಗುತ್ತಾರೆ, ಮಳೆಗಾಲದಲ್ಲಿ ಹೆಂಚು ಸೋರುವುದನ್ನು ನೋಡಲು ಮಾತ್ರ ನೀವು ವಾರದ ಮಧ್ಯೆ ಹೋಗಬೇಕಾಗುತ್ತದೆ. ನಾಲ್ಕು ಕೋಣೆಯ ಹೆಂಚಿನ ಮನೆ ಆ ಲೆಕ್ಕವನ್ನು ತಡೆದುಕೊಳ್ಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಯಾರಾದರೂ ಇರುತ್ತಾರೆ ಎಂದಾದರೆ ಉಳಿದದ್ದು ಓಡಾಟದ ಕೆಲಸ, ಕಷ್ಟದ್ದಲ್ಲ. ಬೆಳಗಿನ ತಿಂಡಿ ಕೊಡುವುದಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು, ಅದನ್ನು ತಪ್ಪಿಸಿಕೊಳ್ಳುವವರು ಏನು ಉಳಿಸುತ್ತಾರೋ ನನಗೆ ಅರ್ಥವಾಗಿಲ್ಲ. ಜಿಎಸ್‌ಟಿಯ ವಿಚಾರದಲ್ಲಿ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ನೀವು ನೋಂದಾಯಿಸಬೇಕಾಗಿಲ್ಲ, ಬುಕಿಂಗ್ ಆ್ಯಪ್‌ನ ಮೂಲಕ ಬಂದ ಅತಿಥಿಯ ತೆರಿಗೆಯನ್ನು ಆ್ಯಪ್‌ನವರೇ ಕಟ್ಟುತ್ತಾರೆ. ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗೆ ಅದು 2025ರ ಸೆಪ್ಟೆಂಬರ್ 22ರಿಂದ ಶೇ 5. ಆದರೆ ಆ್ಯಪ್ ನಿಮ್ಮ ಮನೆಯನ್ನು ತೋರಿಸುತ್ತಿದೆ ಎಂಬುದು ಯಾವ ಇಲಾಖೆಯ ಮುಂದೆಯೂ ಅನುಮತಿಯಾಗುವುದಿಲ್ಲ. ಅತಿಥಿಗಳಿಗೆ ಮದ್ಯ ಮಾರುವ ಯೋಚನೆಯನ್ನು ಮನೆಯ ಹೊಸಿಲಿನ ಆಚೆಯೇ ಬಿಡಿ, ಅದಕ್ಕೆ ಅಬಕಾರಿ ಸನ್ನದು ಬೇಕು. ಇನ್ನು ವಿದೇಶಿಯರ ವಿಷಯ: 2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆಯಾದರೂ, ಮಾಹಿತಿ ಕೊಡುವ ಹೊಣೆ ಉಳಿಸಿಕೊಂಡವರ ಹೆಗಲ ಮೇಲೆಯೇ ಇದೆ. ಬುಕಿಂಗ್ ಮಾಡಿದವರದ್ದು ಮಾತ್ರವಲ್ಲ, ಬಾಗಿಲು ದಾಟಿ ಬಂದ ಪ್ರತಿಯೊಬ್ಬರ ಗುರುತಿನ ಚೀಟಿಯನ್ನೂ ನೋಡಿ, ಕನ್ನಡ ಮಾತನಾಡುವವರದ್ದನ್ನೂ.

ಆದ್ದರಿಂದ ಅರ್ಜಿ ನಮೂನೆ ಹುಡುಕುವುದನ್ನು ಬಿಟ್ಟು ದೊಡ್ಡಮ್ಮನವರ ಹತ್ತಿರ ಹೋಗಿ ಕುಳಿತುಕೊಳ್ಳಿ. ಅಜ್ಜಿಯ ಆಸ್ತಿಯಲ್ಲಿ ಅವರಿಗೂ ಹಕ್ಕಿದ್ದು, ಖಾತೆಯಲ್ಲಿ ಅವರ ಹೆಸರೂ ಸೇರಿ, ಅವರು ತಮ್ಮ ಹಾಸಿಗೆ ಪಾತ್ರೆಗಳೊಂದಿಗೆ ಆ ಮನೆಗೇ ಬಂದು ಇರಲು ಒಪ್ಪಿದರೆ, ಅರ್ಜಿ ಅವರ ಹೆಸರಿನಲ್ಲಿಯೇ ಹೋಗಲಿ, ಬರುವ ಹಣದಲ್ಲಿ ದೊಡ್ಡ ಪಾಲೂ ಅವರದ್ದೇ ಆಗಲಿ, ಮತ್ತು ಸಹಿ ಹಾಕಿಸಿಕೊಳ್ಳುವ ಮೊದಲು ಪ್ರತಿ ಕಾಲಂ ಅನ್ನೂ ಅವರಿಗೆ ಓದಿ ಹೇಳಿ. ಒಪ್ಪದಿದ್ದರೆ ತಿಂಗಳ ಬಾಡಿಗೆಗೆ ಒಂದು ಸಂಸಾರವನ್ನು ಹುಡುಕಿ. ನಮ್ಮ ಮನೆಯಲ್ಲಿ 2021ರಿಂದ ಕಾಲೇಜಿನ ಉಪನ್ಯಾಸಕರೊಬ್ಬರ ಕುಟುಂಬವಿದೆ. ಬಾಡಿಗೆ ಮೊದಲಿನ ಒಂದು ಒಳ್ಳೆಯ ವಾರಾಂತ್ಯಕ್ಕೆ ಸಿಗುತ್ತಿದ್ದಷ್ಟೇ, ಆದರೆ ಪ್ರತಿ ತಿಂಗಳ ಐದನೆಯ ತಾರೀಖಿಗೆ ಬರುತ್ತದೆ.