ಡಿಸಿ ಇರುವಾಗ ಹೊರ ರಾಜ್ಯದ ವೀಕ್ಷಕರು ಯಾಕೆ?

"ಜಿಲ್ಲೆಯಲ್ಲಿ ಡಿಸಿ ಇದ್ದಾರೆ, ಎಸ್‌ಪಿ ಇದ್ದಾರೆ. ಆದರೂ ಚುನಾವಣೆ ಬಂತೆಂದರೆ ಕನ್ನಡ ಬಾರದ ಅಧಿಕಾರಿಗಳನ್ನು ವೀಕ್ಷಕರು ಅಂತ ಕಳಿಸುತ್ತಾರೆ. ಗೆಸ್ಟ್ ಹೌಸ್‌ನಲ್ಲಿ ಇದ್ದು ಹೋಗುವುದು ಬಿಟ್ಟು ಅವರು ಏನು ಮಾಡುತ್ತಾರೆ?" ಅಂತ ಕೇಳಿದ್ದೀರಿ. ನಾನು ಸಿಂಧನೂರಿನಲ್ಲಿ ಬ್ಯಾಂಕ್ ನೌಕರ. 2023ರ ವಿಧಾನಸಭೆ ಚುನಾವಣೆಯಲ್ಲಿ ಮೈಕ್ರೋ ಅಬ್ಸರ್ವರ್, ಅಂದರೆ ವೀಕ್ಷಕರ ಪರವಾಗಿ ಮತಗಟ್ಟೆಯಲ್ಲಿ ಕೂತು ನೋಡುವ ಡ್ಯೂಟಿ ಬಿತ್ತು. ಲಿಂಗಸುಗೂರು ಕಡೆಯ ಒಂದು ಹಳ್ಳಿ ಶಾಲೆಯ ಮತಗಟ್ಟೆಯಲ್ಲಿ ಮೇ 10ರಂದು ಇಡೀ ದಿನ ಕೂತಿದ್ದೆ. ಅಲ್ಲಿಯ ತನಕ ನನಗೂ ನಿಮ್ಮ ಹಾಗೇ ಅನಿಸುತ್ತಿತ್ತು.

ಮೊದಲು ಹೊರಗಿನವರೇ ಯಾಕೆ ಅನ್ನುವುದು. ಚುನಾವಣೆ ಮುಗಿಯುವ ತನಕ ಡಿಸಿ, ತಹಶೀಲ್ದಾರ್, ಪೊಲೀಸರು ಎಲ್ಲರೂ ಚುನಾವಣಾ ಆಯೋಗದ ಕೈಕೆಳಗೇ ಇರುತ್ತಾರೆ, ನಿಜ. ಆದರೆ ಮುಗಿದ ಮೇಲೆ? ಗೆದ್ದ ಶಾಸಕರ ಜೊತೆಗೇ ಅವರು ಕೆಲಸ ಮಾಡಬೇಕು. ಇಂದು ನೋಟಿಸ್ ಕೊಟ್ಟವರಿಗೆ ನಾಳೆ ವರ್ಗಾವಣೆಯ ಭಯ ಇರುತ್ತದೆ. ಊರಲ್ಲಿ ಬಂಧುಬಳಗ, ಮದುವೆ ಮುಂಜಿ, ಜಾತ್ರೆ ಅಂತ ನೂರು ಮುಲಾಜು ಬೇರೆ. ವೀಕ್ಷಕರಿಗೆ ಇದ್ಯಾವುದೂ ಇಲ್ಲ. ಅವರನ್ನು ಅವರ ಸ್ವಂತ ರಾಜ್ಯಕ್ಕೆ ಹಾಕುವುದೇ ಇಲ್ಲ. ಅವರು ವರದಿ ಕೊಡುವುದು ನೇರವಾಗಿ ಆಯೋಗಕ್ಕೆ.

ಇದು ಸುಮ್ನೆ ಮಾಡಿಕೊಂಡ ರೂಢಿಯೂ ಅಲ್ಲ. 1996ರಲ್ಲಿ ಜನಪ್ರಾತಿನಿಧ್ಯ ಕಾಯ್ದೆಗೆ 20ಬಿ ಅನ್ನುವ ಸೆಕ್ಷನ್ ಸೇರಿಸಿ ವೀಕ್ಷಕರಿಗೆ ಅಧಿಕಾರ ಕೊಟ್ಟರು. ಬಹಳಷ್ಟು ಮತಗಟ್ಟೆಗಳನ್ನು ಯಾರಾದರೂ ವಶಪಡಿಸಿಕೊಂಡಿದ್ದಾರೆ ಅಂತ ಕಂಡುಬಂದರೆ ವೀಕ್ಷಕರು ಮತ ಎಣಿಕೆ ನಿಲ್ಲಿಸಿ, ಫಲಿತಾಂಶ ಘೋಷಿಸಬೇಡಿ ಅಂತ ಚುನಾವಣಾಧಿಕಾರಿಗೆ ಹೇಳಬಹುದು. ಹಾಗೆ ಹೇಳಿದ ಮೇಲೆ ವಿಷಯ ಆಯೋಗಕ್ಕೆ ಹೋಗುತ್ತದೆ.

ವೀಕ್ಷಕರಲ್ಲಿ ಮೂರು ಬಗೆ. ಸಾಮಾನ್ಯ ವೀಕ್ಷಕರು ಹೆಚ್ಚಾಗಿ ಐಎಎಸ್‌ನವರು. ಪೊಲೀಸ್ ವೀಕ್ಷಕರು ಐಪಿಎಸ್. ಇನ್ನೊಬ್ಬರು ವೆಚ್ಚ ವೀಕ್ಷಕರು. ಇವರು ಆದಾಯ ತೆರಿಗೆಯಂಥ ಇಲಾಖೆಗಳಿಂದ ಬರುತ್ತಾರೆ. ಬ್ಯಾಂಕಿನವನಾದ್ದರಿಂದಲೋ ಏನೋ, ನನಗೆ ಇವರ ಕೆಲಸವೇ ಜಾಸ್ತಿ ಇಷ್ಟವಾಯಿತು. ವಿಧಾನಸಭೆಗೆ ನಿಂತ ಒಬ್ಬ ಅಭ್ಯರ್ಥಿ ನಮ್ಮಲ್ಲಿ 40 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಮಾಡುತ್ತಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ? ಸಭೆ ನಡೆದರೆ ಒಂದು ತಂಡ ವಿಡಿಯೋ ಮಾಡುತ್ತದೆ. ಇನ್ನೊಂದು ತಂಡ ಕೂತು ಆ ವಿಡಿಯೋ ನೋಡಿ ಎಣಿಸುತ್ತದೆ: ಶಾಮಿಯಾನ ಎಷ್ಟು, ಕುರ್ಚಿ ಎಷ್ಟು, ಕ್ರೂಸರ್ ಗಾಡಿ ಎಷ್ಟು, ಮೈಕ್ ಸೆಟ್, ಊಟದ ತಟ್ಟೆ. ಇವಕ್ಕೆಲ್ಲ ಜಿಲ್ಲೆಯಲ್ಲಿ ಮೊದಲೇ ರೇಟು ಗೊತ್ತುಮಾಡಿರುತ್ತಾರೆ. ಲೆಕ್ಕ ಹಾಕಿ ಪ್ರತಿ ಅಭ್ಯರ್ಥಿಯ ಹೆಸರಿನಲ್ಲಿ ಬೇರೆಯೇ ಒಂದು ಪುಸ್ತಕ ಬರೆಯುತ್ತಾರೆ. ಅದಕ್ಕೆ ನೆರಳು ರಿಜಿಸ್ಟರ್ ಅನ್ನಬಹುದು. ಪ್ರಚಾರದ ದಿನಗಳಲ್ಲಿ ಕನಿಷ್ಠ ಮೂರು ಸಲ ಅಭ್ಯರ್ಥಿ ತನ್ನ ಲೆಕ್ಕದ ಪುಸ್ತಕ ತಂದು ತೋರಿಸಬೇಕು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತಾರೆ. ಅವನು ಇನ್ನೂರು ಕುರ್ಚಿ ಅಂತ ಬರೆದು, ವಿಡಿಯೋದಲ್ಲಿ ಸಾವಿರ ಕಂಡರೆ ನೋಟಿಸ್ ಹೋಗುತ್ತದೆ.

ಇನ್ನು ನಮ್ಮಂಥ ಮೈಕ್ರೋ ಅಬ್ಸರ್ವರ್‌ಗಳು. ಒಂದು ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆ ಇದ್ದರೆ ಒಬ್ಬ ವೀಕ್ಷಕರು ಎಲ್ಲಿ ಅಂತ ನೋಡಿಯಾರು? ಅದಕ್ಕೆ ಸೂಕ್ಷ್ಮ ಮತಗಟ್ಟೆಗಳಿಗೆ ಬ್ಯಾಂಕು, ಎಲ್‌ಐಸಿ, ಅಂಚೆ ಕಚೇರಿಯಂಥ ಕಡೆಯಿಂದ ಒಬ್ಬೊಬ್ಬರನ್ನು ಕೂರಿಸುತ್ತಾರೆ. ನಾವು ಯಾರಿಗೂ ಆರ್ಡರ್ ಮಾಡುವಂತಿಲ್ಲ. ನೋಡಬೇಕು, ಬರೆಯಬೇಕು, ಏನಾದರೂ ತಪ್ಪು ಕಂಡರೆ ವೀಕ್ಷಕರಿಗೆ ತಿಳಿಸಬೇಕು.

ಅವತ್ತು ಬೆಳಗ್ಗೆ ಐದೂವರೆಗೇ ಅಣಕು ಮತದಾನ ಶುರು. ಅಭ್ಯರ್ಥಿಗಳ ಏಜೆಂಟರು ಕಣ್ಣುಜ್ಜಿಕೊಂಡು ಬಂದು ಕೂತರು. ಕನಿಷ್ಠ 50 ಓಟು ಹಾಕಿಸಿ, ಎಣಿಸಿ, ಓಟು ಯಾರಿಗೆ ಬಿತ್ತು ಅಂತ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳ ಜೊತೆ ತಾಳೆ ನೋಡಿ, ಆಮೇಲೆ ಮೆಷಿನ್ ಪೂರ್ತಿ ಕ್ಲಿಯರ್ ಮಾಡಬೇಕು. ಸೊನ್ನೆ ಬಂದದ್ದನ್ನು ಎಲ್ಲ ಏಜೆಂಟರಿಗೂ ತೋರಿಸಬೇಕು. ಇದನ್ನು ಮರೆತರೆ ಎಣಿಕೆ ದಿನ ದೊಡ್ಡ ರಗಳೆ. ನನ್ನ ವರದಿಯಲ್ಲಿ ಮೊದಲು ಬರೆದದ್ದೂ ಇದನ್ನೇ.

ಹನ್ನೊಂದರ ಸುಮಾರಿಗೆ ಒಬ್ಬ ಹುಡುಗ ಅಜ್ಜನ ಕೈ ಹಿಡಿದುಕೊಂಡು ಬಂದ. ಅಜ್ಜನಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ನೆರವಿಗೆ ಒಬ್ಬರನ್ನು ಕರೆತರಬಹುದು, ಅದು ನಿಯಮದಲ್ಲೇ ಇದೆ. ಅರ್ಧ ಗಂಟೆ ಬಿಟ್ಟು ಅದೇ ಹುಡುಗ ಇನ್ನೊಬ್ಬ ಅಜ್ಜನ ಜೊತೆ ಬಂದ. ಒಬ್ಬರು ಒಂದು ದಿನಕ್ಕೆ ಒಬ್ಬ ಮತದಾರರಿಗೆ ಮಾತ್ರ ನೆರವಾಗಬಹುದು. ನಾನು ಪಿಆರ್‌ಓ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿಗೆ ಹೇಳಿದೆ. ಅವರು ಪಾಪ ಹೈಸ್ಕೂಲ್ ಮೇಷ್ಟ್ರು. ಏಜೆಂಟ್ ಒಬ್ಬ ಜೋರು ಮಾಡಿದ. ಮೇಷ್ಟ್ರು ಸುಮ್ಮನೆ ಬಿಟ್ಟರು. ಆಮೇಲೆ ಅದೇ ಹುಡುಗ ಒಬ್ಬ ಅಜ್ಜಿಯನ್ನೂ ಕರೆತಂದ. "ಅಜ್ಜಿಗೆ ಕಣ್ಣು ಕಾಣಂಗಿಲ್ರೀ ಸರ್, ನಾ ಒತ್ತತೀನಿ" ಅಂದ. ನಾನು ಹೊರಗೆ ಬೇವಿನ ಮರದ ಕೆಳಗೆ ಹೋಗಿ ವೀಕ್ಷಕರಿಗೆ ಫೋನ್ ಮಾಡಿದೆ. ಅವರು ಹತ್ತಿರದ ಹಳ್ಳಿಯಲ್ಲೇ ಇದ್ದರು. ಇಪ್ಪತ್ತು ನಿಮಿಷದಲ್ಲಿ ಬಂದರು.

ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅವರ ಜೊತೆ ಓಡಾಡುವ ಸ್ಥಳೀಯ ಅಧಿಕಾರಿ, ಲೈಸನ್ ಆಫೀಸರ್, ಅನುವಾದ ಮಾಡಿ ಹೇಳುತ್ತಿದ್ದರು. ದನಿ ಏರಿಸಲಿಲ್ಲ. ನೆರವು ಪಡೆದವರ ಪಟ್ಟಿ ಇರುವ ಫಾರಂ 14ಎ ತೆಗೆಸಿ, ನೆರವಾದವನು ಅಂತ ಆ ಹುಡುಗನ ಹೆಸರೇ ಎರಡು ಸಲ ಬಂದಿದ್ದಕ್ಕೆ ಬೆರಳಿಟ್ಟರು. ಏಜೆಂಟ್ ಮಾತೇ ಆಡಲಿಲ್ಲ. ಅವನಿಗೆ ಇವರು ಯಾರ ಪೈಕಿ, ಯಾರಿಂದ ಹೇಳಿಸಬೇಕು ಅನ್ನುವುದೇ ಗೊತ್ತಿಲ್ಲವಲ್ಲ! ಆಮೇಲೆ ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ನಿಮ್ಮ ಜೊತೆ ಯಾರು ಬರಬೇಕು ಅಂತ ಕೇಳಿಸಿದರು. ಅಜ್ಜಿ ಪಾಳಿಯಲ್ಲಿ ನಿಂತಿದ್ದ ಸೊಸೆಯನ್ನು ಕರೆಸಿಕೊಂಡರು. ಆ ಸೊಸೆ ಬೆಳಗ್ಗೆಯಿಂದ ಅಲ್ಲೇ ಇದ್ದಳು. ಯಾರೂ ಕೇಳಿರಲಿಲ್ಲ ಅಷ್ಟೆ. ಅವತ್ತು ಭಾಷೆ ಬಾರದ ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಮತದಾನ ಮುಗಿದ ಮೇಲೂ ಅವರ ಕೆಲಸ ಇರುತ್ತದೆ. ಮತದಾರರ ರಿಜಿಸ್ಟರ್ 17ಎ, ಪಿಆರ್‌ಓ ಡೈರಿ, ನಮ್ಮ ವರದಿ ಎಲ್ಲ ನೋಡಿ ಮರುಮತದಾನ ಬೇಕೋ ಬೇಡವೋ ಅಂತ ಆಯೋಗಕ್ಕೆ ಬರೆಯುತ್ತಾರೆ. ಎಣಿಕೆ ದಿನ ಅವರ ಒಪ್ಪಿಗೆ ಸಿಗದೆ ಫಲಿತಾಂಶ ಘೋಷಣೆ ಆಗುವುದಿಲ್ಲ.

ಹಾಗಂತ ಅವರಿಂದ ಎಲ್ಲವೂ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಮತದಾನದ ಹಿಂದಿನ ರಾತ್ರಿ ಓಣಿಯಲ್ಲಿ ಮನೆಮನೆಗೆ ಕವರ್ ಹಂಚುವವರು ವೀಕ್ಷಕರ ಕಣ್ಣಿಗೆ ಬೀಳುವುದಿಲ್ಲ. ಹೊರಗಿನವರಿಗೆ ಓಣಿ ಗೊತ್ತಿರುವುದಿಲ್ಲ. ಗೊತ್ತಿರುವುದು ನಮಗೆ, ಆದರೆ ನಾವು ಫೋನ್ ಮಾಡುವುದಿಲ್ಲ. ನನಗೆ ತುಂಬಾ ಬೇಸರವಾಗುವುದು ಇದೊಂದೇ ವಿಷಯಕ್ಕೆ. ಇಷ್ಟು ದೂರದಿಂದ ಒಬ್ಬರನ್ನು ಕರೆಸಿ, ಅವರ ಮೊಬೈಲ್ ನಂಬರ್, ಸಾರ್ವಜನಿಕರ ಭೇಟಿಯ ಸಮಯ ಎಲ್ಲವನ್ನೂ ಪೇಪರಿನಲ್ಲಿ ಹಾಕಿಸುತ್ತಾರೆ. ನಾವು ಅದನ್ನು ಓದದೆ ಪುಟ ತಿರುಗಿಸುತ್ತೇವೆ.

ನೀವು ಮುಂದಿನ ಸಲ ಹೀಗೆ ಮಾಡಿ. ನಾಮಪತ್ರ ಸಲ್ಲಿಸುವ ಹೊತ್ತಿಗೆ ಪೇಪರಿನಲ್ಲಿ ವೀಕ್ಷಕರ ನಂಬರ್ ಬಂದಿರುತ್ತದೆ, ಮೊಬೈಲ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಏನಾದರೂ ಕಂಡರೆ ಚುನಾವಣಾ ಆಯೋಗದ ಸಿವಿಜಿಲ್ ಆ್ಯಪ್‌ನಲ್ಲಿ ಫೋಟೋ ಅಥವಾ ವಿಡಿಯೋ ಹಾಕಿ. ಹೆಸರು ಹೇಳದೆಯೂ ದೂರು ಕೊಡಬಹುದು, 100 ನಿಮಿಷದಲ್ಲಿ ಕ್ರಮ ಆಗಬೇಕು ಅಂತ ಇದೆ. ಆ್ಯಪ್ ಬಳಸಲು ಬಾರದವರಿಗೆ 1950 ಸಹಾಯವಾಣಿ ಇದೆ. ವೀಕ್ಷಕರಿಗೆ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಿ. ವೀಕ್ಷಕರ ಜೊತೆಗಿರುವ ಲೈಸನ್ ಆಫೀಸರ್ ನಮ್ಮ ಕಡೆಯವರೇ ಇರುತ್ತಾರೆ. ಊರಿನ ಹೆಸರು, ಮತಗಟ್ಟೆ ನಂಬರ್, ಎಷ್ಟು ಹೊತ್ತಿಗೆ ಕಂಡಿರಿ, ಇಷ್ಟು ಹೇಳಿದರೆ ಸಾಕು.